ಕಡಲೊಳಗಿನ ಹುಲ್ಲುಗಾವಲಿಗೆ ನಾಡಿ ಪರೀಕ್ಷೆ

ಹಾಗಲವಾಡಿ: ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಈ ಹೋಬಳಿ ಕೇಂದ್ರಕ್ಕೂ ಸಮುದ್ರಕ್ಕೂ ಎತ್ತಣ ಸಂಬಂಧ? ಹತ್ತಿರದ ಕಡಲತೀರವೆಂದರೂ ಇಲ್ಲಿಂದ 200 ಕಿ.ಮೀ.ಗೂ ಆಚೆ, ಪಶ್ಚಿಮಘಟ್ಟದ ಇನ್ನೊಂದು ಮಗ್ಗುಲಿನಲ್ಲಿದೆ. ಒಂದು ಕಾಲಕ್ಕೆ ಪಾಳೆಯಗಾರರು ಆಳಿದ ಈ ಊರಿನ ಹೆಸರು ಇಂದು ಸುದ್ದಿಯಾಗುವುದು ಹೆಚ್ಚಾಗಿ ಇಲ್ಲಿನ ಕೆರೆ ಮತ್ತು ಆ ಕೆರೆಗೆ ಹೇಮಾವತಿ ನೀರು ಹರಿಯಬೇಕೆಂಬ ಬಹುಕಾಲದ ಬೇಡಿಕೆಯ ಕಾರಣದಿಂದ.

ಆದರೂ ಒಂದು ಸಂಬಂಧ ಇದೆ. ಅದು ನೀರಿನೊಳಗೆ ಅಡಗಿದೆ. ಬಯಲುಸೀಮೆಯ ಕೆರೆಗಳಲ್ಲಿ ನೀರು ತಿಳಿಯಾಗಿದ್ದಾಗ ತಳದಿಂದ ಮೇಲೆದ್ದು ಓಲಾಡುವ ಹಸಿರು ಎಳೆಗಳನ್ನು ಹಳ್ಳಿಗರು ಒಟ್ಟಾರೆಯಾಗಿ ‘ಪಾಚಿ’ ಎಂದೇ ಕರೆಯುತ್ತಾರೆ. ಅವುಗಳಲ್ಲಿ ಹಲವು ಪಾಚಿಯಲ್ಲ, ಬೇರು, ಕಾಂಡ, ಎಲೆ, ಹೂವುಗಳುಳ್ಳ ಪೂರ್ಣ ಸಸ್ಯಗಳು. ಹೈಡ್ರಿಲ್ಲಾ ಅಂಥದ್ದೊಂದು. ಶಾಲೆಯ ಪ್ರಯೋಗಾಲಯದಲ್ಲಿ ಗಾಜಿನ ಆಲಿಕೆಯ ಕೆಳಗಿಟ್ಟು, ಬಿಸಿಲಿಗೆ ಹಿಡಿದು, ಆಮ್ಲಜನಕದ ಗುಳ್ಳೆಗಳು ಏಳುವುದನ್ನು ವಿದ್ಯಾರ್ಥಿಗಳಿಗೆ ತೋರಿಸುವುದು ಇದೇ ಗಿಡದಿಂದ. ಈ ಹೈಡ್ರಿಲ್ಲಾ ಸೇರಿರುವ ಸಸ್ಯ ಕುಟುಂಬದಲ್ಲೇ ಸಮುದ್ರದ ಉಪ್ಪುನೀರಿಗೆ ಇಳಿದು ಅಲ್ಲಿಯೇ ನೆಲೆನಿಂತ ದಾಯಾದಿಗಳಿವೆ. ಹ್ಯಾಲೋಫಿಲಾ, ಥಲಾಸಿಯಾ, ಎನ್‌ಹ್ಯಾಲಸ್ ಎಂಬ ಹೆಸರಿನ ಇವುಗಳನ್ನು, ಇವುಗಳಂತೆಯೇ ಕಡಲ ತಳದಲ್ಲಿ ಬೆಳೆಯುವ ಇತರ ಕೆಲವು ಕುಟುಂಬಗಳ ಸಸ್ಯಗಳೊಂದಿಗೆ ಸೇರಿಸಿ ‘ಕಡಲಹುಲ್ಲು’ ಎನ್ನಲಾಗುತ್ತದೆ.

ಕೆರೆಯ ಗಿಡವಾಗಲಿ ಕಡಲಿನ ಹುಲ್ಲಾಗಲಿ, ಎರಡರ ಹಣೆಬರಹವೂ ಒಂದೇ. ಇದ್ದಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲವಾದಾಗಲೂ ಯಾರಿಗೂ ತಿಳಿಯುವುದಿಲ್ಲ. ಮೀನು ಕಡಿಮೆಯಾಯಿತು, ನೀರು ಕೆಟ್ಟಿತು ಎಂಬ ದೂರು ಏಳುವ ಹೊತ್ತಿಗೆ ಕಾರಣ ಹುಡುಕುವ ಕಾಲ ಮೀರಿರುತ್ತದೆ. ಈ ಹುಲ್ಲುಗಾವಲುಗಳ ಆರೋಗ್ಯವನ್ನು ವರ್ಷ ವರ್ಷ ಅಳೆದು ದಾಖಲಿಸುವ ಕೆಲಸಕ್ಕೆ ಪ್ರಾಮುಖ್ಯ ಬಂದಿರುವುದು ಈ ಕಾರಣಕ್ಕಾಗಿಯೇ. ಅರಬ್ಬಿ ಸಮುದ್ರದಲ್ಲಿ ಈ ಕೆಲಸದ ಮಹತ್ವವನ್ನು ತೋರಿಸಿಕೊಟ್ಟವರಲ್ಲಿ ನಮ್ಮ ಮೈಸೂರಿನ ಸಂಸ್ಥೆಯೊಂದು ಮುಂಚೂಣಿಯಲ್ಲಿದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಪಾಚಿಯಲ್ಲ, ಹುಲ್ಲು

ಕಡಲಹುಲ್ಲು ಮತ್ತು ಕಡಲಪಾಚಿ ಬೇರೆ ಬೇರೆ. ಕಡಲಪಾಚಿಗೆ ನಿಜವಾದ ಬೇರಿಲ್ಲ. ಅದು ಬಂಡೆಗೆ ಅಂಟಿಕೊಂಡು, ಸುತ್ತಲಿನ ನೀರಿನಿಂದಲೇ ಪೋಷಕಾಂಶ ಹೀರುತ್ತದೆ. ಕಡಲಹುಲ್ಲಾದರೋ ಮರಳಿನೊಳಗೆ ಬೇರು ಬಿಡುತ್ತದೆ. ಶುಂಠಿಯಂತೆ ಅಡ್ಡಲಾಗಿ ಹರಿಯುವ ಬೇರುಕಾಂಡದಿಂದ ಗರಿಕೆಯ ಹಾಗೆ ಗೆಣ್ಣು ಗೆಣ್ಣಿಗೂ ಚಿಗುರೊಡೆಯುತ್ತ ಹಬ್ಬುತ್ತದೆ. ನೀರಿನೊಳಗೇ ಹೂ ಬಿಟ್ಟು, ನೀರಿನ ಮೂಲಕವೇ ಪರಾಗಸ್ಪರ್ಶ ನಡೆಸಿ, ಕಾಯಿ ಕಚ್ಚುತ್ತದೆ. ಗಂಡು ಹೂಗಳು ಬುಡದಿಂದ ಬಿಡಿಸಿಕೊಂಡು ಮೇಲೆ ತೇಲಿ ಹೆಣ್ಣು ಹೂವನ್ನು ಸೇರುವ ವ್ಯಾಲಿಸ್ನೇರಿಯಾದ ಕಥೆ ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ನೆನಪಿರಬಹುದು. ಕೆರೆಯ ಆ ಸಸ್ಯದ ಸಮುದ್ರವಾಸಿ ಬಂಧುವಾದ ಎನ್‌ಹ್ಯಾಲಸ್ ಇಂದಿಗೂ ಅದೇ ವಿಧಾನವನ್ನು ಅನುಸರಿಸುತ್ತದೆ.

ಜಗತ್ತಿನಲ್ಲಿ ಇಂಥ ಹುಲ್ಲಿನ ಸುಮಾರು 70 ಪ್ರಭೇದಗಳಿವೆ. ಡೈನೋಸಾರ್‌ಗಳ ಕಾಲದಲ್ಲಿ ನೆಲದಿಂದ ಕಡಲಿಗೆ ಮರಳಿದ ಸಸ್ಯಗಳ ಸಂತತಿ ಇವು. ಸಾಗರತಳದ ಶೇಕಡಾ 0.2ಕ್ಕಿಂತ ಹೆಚ್ಚು ಜಾಗವನ್ನು ಇವು ಆವರಿಸಿಲ್ಲವೆಂಬುದು ಒಂದು ಅಂದಾಜು. ಹಾಗಿದ್ದರೂ ಇವುಗಳ ಉಪಕಾರ ವಿಸ್ತೀರ್ಣಕ್ಕೆ ಮೀರಿದ್ದು. ಮರಿ ಮೀನುಗಳಿಗೆ, ಸಿಗಡಿ, ಏಡಿಗಳಿಗೆ ಇದು ತೊಟ್ಟಿಲು. ಹಸಿರು ಕಡಲಾಮೆ ಮತ್ತು ‘ಕಡಲ ಹಸು’ ಎಂದು ಕರೆಯಲಾಗುವ ಡುಗಾಂಗ್‌ಗೆ ಇದೇ ಮೇವು. ಅಲೆಯ ರಭಸವನ್ನು ತಗ್ಗಿಸಿ, ತೇಲುವ ಹೂಳನ್ನು ತಳಕ್ಕಿಳಿಸಿ, ನೀರನ್ನು ತಿಳಿಗೊಳಿಸುವುದೂ ಇದೇ ಹುಲ್ಲು. ಬೇರುಗಳಡಿಯ ಕೆಸರಿನಲ್ಲಿ ನೂರಾರು ವರ್ಷಗಳ ಇಂಗಾಲವೂ ಹೂತುಹೋಗಿರುತ್ತದೆ. ಹುಲ್ಲು ಕಿತ್ತುಹೋದರೆ ಆ ಭಂಡಾರದ ಬಾಗಿಲು ತೆರೆದಂತೆ.

ಭಾರತದಲ್ಲಿ ಕಡಲಹುಲ್ಲಿನ ಒಟ್ಟು ವಿಸ್ತೀರ್ಣ ಸುಮಾರು 517 ಚದರ ಕಿ.ಮೀ. ಎಂದು ಉಪಗ್ರಹ ಚಿತ್ರಗಳನ್ನು ಆಧರಿಸಿದ, 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ. ಇದರಲ್ಲಿ ಸುಮಾರು 400 ಚದರ ಕಿ.ಮೀ. ತಮಿಳುನಾಡಿನ ಪಾಕ್ ಕೊಲ್ಲಿ ಹಾಗೂ ಮನ್ನಾರ್ ಕೊಲ್ಲಿಯಲ್ಲಿಯೇ ಇದೆ. ಉಳಿದದ್ದು ಅಂಡಮಾನ್ ಮತ್ತು ನಿಕೋಬಾರ್, ಲಕ್ಷದ್ವೀಪ, ಕಛ್ ಕೊಲ್ಲಿ, ಒಡಿಶಾದ ಚಿಲಿಕಾ ಸರೋವರ ಮುಂತಾದೆಡೆ ಹಂಚಿಹೋಗಿದೆ.

ನಮ್ಮ ಕರಾವಳಿಯಲ್ಲೇಕೆ ಅಪರೂಪ?

ಕಾರವಾರದಿಂದ ಉಳ್ಳಾಲದವರೆಗಿನ ಕರಾವಳಿಯಲ್ಲಿ ಇಂಥ ವಿಶಾಲ ಹುಲ್ಲುಗಾವಲುಗಳಿಲ್ಲ. ಕಾರಣ ಸ್ಪಷ್ಟ. ನಮ್ಮದು ತೆರೆದ ಕಡಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಅಲೆಗಳು ತಳದ ಮರಳನ್ನೇ ಮಗುಚಿ ಹಾಕುತ್ತವೆ. ಅದೇ ತಿಂಗಳುಗಳಲ್ಲಿ ಕಾಳಿ, ಶರಾವತಿ, ನೇತ್ರಾವತಿಯಂಥ ನದಿಗಳು ಘಟ್ಟದ ಕೆಂಪು ಮಣ್ಣನ್ನು ಹೊತ್ತು ತಂದು ಸಮುದ್ರವನ್ನು ರಾಡಿಯಾಗಿಸುತ್ತವೆ. ಬೇರೂರಲು ಅಲುಗದ ನೆಲ, ಉಸಿರಾಡಲು ಬೆಳಕು ಎರಡೂ ಬೇಕಾದ ಗಿಡಕ್ಕೆ ಇದು ಹೇಳಿದ ಜಾಗವಲ್ಲ.

ಪಶ್ಚಿಮ ತೀರದ ಮುಖ್ಯ ಭೂಭಾಗದಲ್ಲಿ ಕಡಲಹುಲ್ಲು ಆಶ್ರಯ ಪಡೆದಿರುವುದು ಬಹುಮಟ್ಟಿಗೆ ಅಳಿವೆಗಳಲ್ಲಿ, ಅಂದರೆ ನದಿ ಸಮುದ್ರ ಸೇರುವ ಉಪ್ಪು-ಸಿಹಿ ನೀರಿನ ಕೆಸರು ಬಯಲುಗಳಲ್ಲಿ. ನೆರೆಯ ಗೋವಾದ ಮಾಂಡೋವಿ ಅಳಿವೆಯಲ್ಲಿ ಹ್ಯಾಲೋಫಿಲಾ ಬೆಕ್ಕಾರಿ ಎಂಬ ಕಿರುಹುಲ್ಲು ಇರುವುದನ್ನು ವಿಜ್ಞಾನಿಗಳು 1977ರಲ್ಲಿ ವರದಿ ಮಾಡಿದರು. ಕರ್ನಾಟಕದಲ್ಲಿ ಮಹದಾಯಿ ಎಂದು ಪರಿಚಿತವಾದ ನದಿಯ ಕೊನೆಯ ಹೆಸರೇ ಮಾಂಡೋವಿ. ಬೆರಳಿನಷ್ಟು ಎತ್ತರವೂ ಬೆಳೆಯದ ಈ ಹುಲ್ಲು ಇಳಿತದ ವೇಳೆ ಕೆಸರಿನ ಮೇಲೆ ಹಸಿರು ಬಳಿದಂತೆ ಕಾಣುತ್ತದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದು ಅಪಾಯಕ್ಕೆ ಒಳಗಾಗಬಲ್ಲ ಪ್ರಭೇದ. ಮರಳುಗಾರಿಕೆ, ಹೂಳೆತ್ತುವಿಕೆ, ತೀರ ಒತ್ತುವರಿ, ಇವು ಮೂರೂ ಅಳಿವೆಗಳಲ್ಲಿಯೇ ಹೆಚ್ಚು ನಡೆಯುವುದರಿಂದ ಇಂಥ ಕಿರುಹುಲ್ಲಿಗೆ ಕುತ್ತು ಬರುವುದೂ ಅಲ್ಲಿಯೇ.

ವಿಸ್ತಾರವಾದ ಹುಲ್ಲುಗಾವಲನ್ನು ಅರಬ್ಬಿ ಸಮುದ್ರದಲ್ಲಿ ಕಾಣಬೇಕಾದರೆ ಲಕ್ಷದ್ವೀಪಕ್ಕೆ ಹೋಗಬೇಕು. ಕನ್ನಡಿಗರಿಗೆ ಅದು ತೀರಾ ಪರಕೀಯ ನೆಲವೇನಲ್ಲ. ಕಡ್ಮತ್, ಅಮಿನಿ, ಕಿಲ್ತಾನ್ ಮುಂತಾದ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಮಂಗಳೂರಿನ ಹಳೆ ಬಂದರಿನೊಂದಿಗೆ ದ್ವೀಪವಾಸಿಗಳ ತೆಂಗಿನ ನಾರು, ಕೊಬ್ಬರಿ ವ್ಯಾಪಾರ ತಲೆಮಾರುಗಳಷ್ಟು ಹಳೆಯದು.

ಬೆಳಕೇ ಬಂಡವಾಳ

ಹುಲ್ಲುಗಾವಲಿನ ಆರೋಗ್ಯ ಕೆಡುವುದು ಹೇಗೆಂದು ತಿಳಿದರೆ ಏನನ್ನು ಅಳೆಯಬೇಕೆಂಬುದೂ ತಿಳಿಯುತ್ತದೆ.

ಕಡಲಹುಲ್ಲಿಗೆ ಮೊದಲ ಅಗತ್ಯ ಬೆಳಕು. ನೀರಿನ ಮೇಲ್ಮೈಗೆ ಬೀಳುವ ಬಿಸಿಲಿನಲ್ಲಿ ಸರಿಸುಮಾರು ಹತ್ತನೇ ಒಂದು ಭಾಗವಾದರೂ ಎಲೆಗೆ ತಲುಪದಿದ್ದರೆ ಹುಲ್ಲು ಉಳಿಯದು. ಕೆಲವು ಪ್ರಭೇದಗಳಿಗೆ ಇನ್ನೂ ಹೆಚ್ಚು ಬೇಕು. ಹೂಳು ತುಂಬಿದ ನೀರು ಬೆಳಕನ್ನು ತಡೆಯುತ್ತದೆ. ಚರಂಡಿ ನೀರು, ಗೊಬ್ಬರದ ಸಾರಜನಕ ಮತ್ತು ರಂಜಕಗಳು ಬೇರೊಂದು ದಾರಿಯಿಂದ ಅದೇ ಕೆಲಸ ಮಾಡುತ್ತವೆ. ಅವು ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಯನ್ನೂ, ಎಲೆಯ ಮೇಲೆ ಅಂಟಿ ಬೆಳೆಯುವ ಲೋಳೆ ಪಾಚಿಯನ್ನೂ ಕೊಬ್ಬಿಸುತ್ತವೆ. ಕೊನೆಗೆ ಎಲೆಗೆ ಕಂಬಳಿ ಹೊದೆಸಿದಂತಾಗಿ ಗಿಡ ಬಿಸಿಲಿನಲ್ಲಿದ್ದೂ ಕತ್ತಲಿನಲ್ಲಿ ಸಾಯುತ್ತದೆ.

ಇದಲ್ಲದೆ ತಳ ಗೀಚಿಕೊಂಡು ಸಾಗುವ ಬಲೆ, ದೋಣಿಯ ಲಂಗರು, ಹೂಳೆತ್ತುವ ಯಂತ್ರ ಇವು ಬೇರುಕಾಂಡವನ್ನೇ ಕಿತ್ತೆಸೆಯುತ್ತವೆ. ಸಮುದ್ರದ ಉಷ್ಣ ಅಲೆ ಇನ್ನೊಂದು ಕಾರಣ. 2011ರ ಆರಂಭದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ನೀರು ವಾರಗಟ್ಟಲೆ ವಾಡಿಕೆಗಿಂತ ಬಿಸಿಯಾಗಿದ್ದಾಗ ಅಲ್ಲಿನ ಹುಲ್ಲುಗಾವಲಿನ ಮೂರನೇ ಒಂದು ಭಾಗಕ್ಕೂ ಹೆಚ್ಚು ಹಾನಿಗೀಡಾಯಿತು. ಇವೆಲ್ಲವುಗಳ ಜೊತೆಗೆ ಮೇಯುವ ಪ್ರಾಣಿಗಳ ಸಂಖ್ಯೆ ಮಿತಿ ಮೀರಿದರೂ ಹುಲ್ಲು ಸವೆಯುತ್ತದೆ.

ಲಭ್ಯ ದಾಖಲೆಗಳನ್ನೆಲ್ಲ ಒಟ್ಟುಗೂಡಿಸಿ 2009ರಲ್ಲಿ ಪ್ರಕಟಿಸಲಾದ ಜಾಗತಿಕ ವಿಶ್ಲೇಷಣೆಯ ಪ್ರಕಾರ, 1879ರಿಂದ ಈಚೆಗೆ ಅಳತೆಗೆ ಒಳಪಟ್ಟ ಕಡಲಹುಲ್ಲಿನ ಶೇ. 29ರಷ್ಟು ನಾಶವಾಗಿದೆ. 1980ರ ನಂತರ ವರ್ಷಕ್ಕೆ ಸುಮಾರು 110 ಚದರ ಕಿ.ಮೀ.ಯಂತೆ ಅದು ಕಣ್ಮರೆಯಾಗಿದೆ. ಗಮನಿಸಬೇಕಾದ ಮಾತೆಂದರೆ ಇದು ‘ಅಳತೆಗೆ ಒಳಪಟ್ಟ’ ಹುಲ್ಲಿನ ಲೆಕ್ಕ ಮಾತ್ರ. ಯಾರೂ ಅಳೆಯದೆ ಹೋದದ್ದು ಯಾವ ಲೆಕ್ಕದಲ್ಲೂ ಇಲ್ಲ.

ಒಂದು ಹಗ್ಗ, ಒಂದು ಚೌಕಟ್ಟು

ಹುಲ್ಲುಗಾವಲಿನ ಆರೋಗ್ಯ ತಪಾಸಣೆಗೆ ದುಬಾರಿ ಯಂತ್ರಗಳೇ ಬೇಕೆಂದಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 1998ರಲ್ಲಿ ಆರಂಭವಾದ ‘ಸೀಗ್ರಾಸ್-ವಾಚ್’ ಎಂಬ ಕಾರ್ಯಕ್ರಮ ಸ್ವಯಂಸೇವಕರೂ ಕಲಿಯಬಹುದಾದ ಸರಳ ವಿಧಾನವೊಂದನ್ನು ರೂಪಿಸಿತು. ಅದು ಹೀಗಿದೆ:

ಇಳಿತದ ವೇಳೆ ಹುಲ್ಲು ತೆರೆದುಕೊಳ್ಳುವ ಅಥವಾ ಮೊಣಕಾಲುದ್ದ ನೀರಿರುವ ಜಾಗದಲ್ಲಿ 50 ಮೀಟರ್ ಉದ್ದಗಲದ ಒಂದು ತಾಕನ್ನು ಗುರುತಿಸಲಾಗುತ್ತದೆ. ಅದರೊಳಗೆ 25 ಮೀಟರ್ ಅಂತರದಲ್ಲಿ 50 ಮೀಟರ್ ಉದ್ದದ ಮೂರು ಅಳತೆಪಟ್ಟಿಗಳನ್ನು ಸಮಾನಾಂತರವಾಗಿ ಹಾಸುತ್ತಾರೆ. ಪ್ರತಿ ಪಟ್ಟಿಯುದ್ದಕ್ಕೂ 5 ಮೀಟರಿಗೊಮ್ಮೆ ಅರ್ಧ ಮೀಟರ್ ಚದರದ ಚೌಕಟ್ಟನ್ನು ಇಡುತ್ತಾರೆ. ಪಟ್ಟಿಯೊಂದಕ್ಕೆ 11ರಂತೆ ಒಟ್ಟು 33 ಚೌಕಗಳಾದವು. ಪ್ರತಿ ಚೌಕದ ಛಾಯಾಚಿತ್ರ ತೆಗೆದು, ಅದರೊಳಗೆ ಶೇಕಡಾ ಎಷ್ಟು ಭಾಗ ಹುಲ್ಲು ಆವರಿಸಿದೆ, ಯಾವ ಪ್ರಭೇದ ಎಷ್ಟಿದೆ, ಎಲೆ ಎಷ್ಟು ಉದ್ದವಾಗಿದೆ, ಎಲೆಯ ಮೇಲೆ ಎಷ್ಟು ಪಾಚಿ ಅಂಟಿದೆ, ತಳ ಮರಳೋ ಕೆಸರೋ ಎಂಬುದನ್ನು ಬರೆದುಕೊಳ್ಳಲಾಗುತ್ತದೆ. ಆಳದ ನೀರಿನಲ್ಲಾದರೆ ಇದೇ ಕೆಲಸವನ್ನು ಮುಳುಗುಗಾರರು ಮಾಡುತ್ತಾರೆ.

ವಿಧಾನ ಸರಳ, ಶಿಸ್ತು ಮಾತ್ರ ಕಠಿಣ. ತಾಕು ಪ್ರತಿ ಬಾರಿಯೂ ಅದೇ ಆಗಿರಬೇಕು. ಅದಕ್ಕಾಗಿ ಜಿಪಿಎಸ್ ಗುರುತು ಬೇಕು. ಋತು ಅದೇ ಆಗಿರಬೇಕು. ಮುಂಗಾರು ಮುಗಿದ ಬೆನ್ನಿಗೆ ಅಳೆದದ್ದನ್ನು ಬೇಸಿಗೆಯ ಅಳತೆಯೊಂದಿಗೆ ಹೋಲಿಸಿದರೆ ಋತುಮಾನದ ಏರಿಳಿತವೇ ರೋಗದಂತೆ ತೋರಬಹುದು. ಅಳೆಯುವವರ ಕಣ್ಣೂ ಒಂದೇ ಮಟ್ಟದಲ್ಲಿರಬೇಕು. ಒಬ್ಬರು ಶೇ. 40 ಎಂದದ್ದನ್ನು ಇನ್ನೊಬ್ಬರು 60 ಎಂದರೆ ಇಡೀ ದಾಖಲೆ ವ್ಯರ್ಥ. ಆದ್ದರಿಂದಲೇ ಮಾದರಿ ಚಿತ್ರಗಳ ಹಾಳೆಯನ್ನು ಕೈಯಲ್ಲಿಟ್ಟುಕೊಂಡು ಅಂದಾಜು ಮಾಡುವ ತರಬೇತಿ ನೀಡಲಾಗುತ್ತದೆ.

ನೀರಿನ ತಿಳಿತನ ಅಳೆಯಲು ಇನ್ನೂ ಹಳೆಯ ಸಾಧನವೊಂದಿದೆ. ಇಟಲಿಯ ಪಾದ್ರಿ ಹಾಗೂ ಖಗೋಳಜ್ಞ ಆಂಜೆಲೊ ಸೆಕ್ಕಿ 1865ರಲ್ಲಿ ಪ್ರಯೋಗಿಸಿದ ಬಿಲ್ಲೆ ಅದು. ತಟ್ಟೆಯಂಥ ಬಿಲ್ಲೆಯನ್ನು ಹಗ್ಗಕ್ಕೆ ಕಟ್ಟಿ ನೀರಿಗಿಳಿಸುತ್ತ ಹೋಗುವುದು. ಅದು ಕಣ್ಣಿಗೆ ಮರೆಯಾದ ಆಳವನ್ನು ಬರೆದುಕೊಳ್ಳುವುದು, ಇಷ್ಟೇ. ಒಂದೂವರೆ ಶತಮಾನ ಕಳೆದರೂ ಸಮುದ್ರ, ಸರೋವರ ಎರಡರಲ್ಲೂ ಇದು ಬಳಕೆಯಲ್ಲಿದೆ.

ಲಕ್ಷಣ ಒಂದೇ, ರೋಗ ಬೇರೆ

ಇಷ್ಟೆಲ್ಲ ವಿವರ ಏಕೆ, ಹುಲ್ಲು ಕಡಿಮೆಯಾಗಿದೆಯೋ ಇಲ್ಲವೋ ಎಂದು ನೋಡಿದರೆ ಸಾಲದೇ ಎಂಬ ಪ್ರಶ್ನೆ ಏಳಬಹುದು. ಸಾಲದು. ಜ್ವರ ಬಂದಿದೆ ಎಂದರೆ ರೋಗ ಯಾವುದೆಂದು ತಿಳಿದಂತಾಗುವುದಿಲ್ಲ. ಹುಲ್ಲು ವಿರಳವಾಗುವುದೂ ಹಾಗೆಯೇ ಒಂದು ಲಕ್ಷಣ ಮಾತ್ರ.

ಆಳದ ಅಂಚಿನಿಂದ ಹುಲ್ಲು ಹಿಂದೆ ಸರಿಯುತ್ತ ಬಂದು ದಡದ ಬಳಿ ಮಾತ್ರ ಉಳಿದಿದ್ದರೆ ನೀರು ರಾಡಿಯಾಗಿ ಬೆಳಕು ಕಡಿಮೆಯಾಗುತ್ತಿದೆ ಎಂದರ್ಥ. ಎಲೆಗಳ ಮೇಲೆ ದಟ್ಟ ಪಾಚಿ ಕುಳಿತಿದ್ದರೆ ಕೊಳಚೆ ಅಥವಾ ಗೊಬ್ಬರದ ನೀರಿನತ್ತ ಸಂಶಯ ತಿರುಗುತ್ತದೆ. ಉದ್ದುದ್ದ ಗೆರೆಗಳಾಗಿ ನೆಲ ಬೋಳಾಗಿದ್ದರೆ ಬಲೆ ಅಥವಾ ಲಂಗರಿನ ಗಾಯ. ಬೇರು ಗಟ್ಟಿಯಾಗಿದ್ದು ಎಲೆಗಳ ತುದಿ ಮಾತ್ರ ಕತ್ತರಿಸಿದಂತೆ ಮೊಟಕಾಗಿದ್ದರೆ ಮೇವಿನ ಗುರುತು. ದೊಡ್ಡದಾಗಿ, ನಿಧಾನವಾಗಿ ಬೆಳೆಯುವ ಪ್ರಭೇದ ಹಿಂದೆ ಸರಿದು, ಬೇಗ ಚಿಗುರುವ ಸಣ್ಣ ಪ್ರಭೇದ ಆ ಜಾಗ ಹಿಡಿಯುತ್ತಿದ್ದರೆ, ಹಸಿರು ಮೇಲ್ನೋಟಕ್ಕೆ ಹಾಗೆಯೇ ಇದ್ದರೂ ಗಾವಲು ಒತ್ತಡದಲ್ಲಿದೆ ಎಂಬುದಕ್ಕೆ ಅದು ಮುನ್ಸೂಚನೆ. ಚಿಕಿತ್ಸೆ ಯಾವುದೆಂಬುದು ಈ ವ್ಯತ್ಯಾಸಗಳನ್ನು ಅವಲಂಬಿಸಿದೆ. ಕೊಳಚೆಯಿಂದ ಕೆಟ್ಟ ಗಾವಲಿನಲ್ಲಿ ದೋಣಿಗಳನ್ನು ನಿಷೇಧಿಸಿ ಪ್ರಯೋಜನವಿಲ್ಲ.

ಉಪಗ್ರಹಗಳು ಈ ಕೆಲಸಕ್ಕೆ ಇಂದು ದೊಡ್ಡ ನೆರವು ನೀಡುತ್ತಿವೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು 10 ಮೀಟರ್‌ನಷ್ಟು ಸೂಕ್ಷ್ಮತೆಯ ಚಿತ್ರಗಳನ್ನು ಕೆಲವೇ ದಿನಗಳಿಗೊಮ್ಮೆ ಒದಗಿಸುತ್ತವೆ. ಅವು ಎಲ್ಲರಿಗೂ ಉಚಿತ. ತಿಳಿನೀರಿನಲ್ಲಿ ಹುಲ್ಲು ಕಪ್ಪಗೆ, ಮರಳು ಬೆಳ್ಳಗೆ ಕಾಣುವುದರಿಂದ ಗಾವಲಿನ ಗಡಿ ಗುರುತಿಸುವುದು ಸಾಧ್ಯ. ಆದರೆ ಮೋಡ, ರಾಡಿ, ಆಳ ಈ ಮೂರರ ಮುಂದೆ ಉಪಗ್ರಹದ ಕಣ್ಣು ಸೋಲುತ್ತದೆ. ಹುಲ್ಲು ಯಾವುದು, ಪಾಚಿ ಯಾವುದು ಎಂಬುದನ್ನು ಖಚಿತಪಡಿಸಲು ಕೊನೆಗೂ ಮನುಷ್ಯನೇ ನೀರಿಗಿಳಿಯಬೇಕು.

ಅಗತ್ತಿಯ ಪಾಠ

ಇಂಥ ಅಳತೆಯ ಮಹತ್ವವನ್ನು ಲಕ್ಷದ್ವೀಪದ ಅಗತ್ತಿಗಿಂತ ಚೆನ್ನಾಗಿ ವಿವರಿಸುವ ಉದಾಹರಣೆ ಭಾರತದಲ್ಲಿ ಸಿಗುವುದು ಕಷ್ಟ.

ಹವಳದ ದಿಬ್ಬ ಸುತ್ತುವರಿದ, ಆಳವಿಲ್ಲದ ತಿಳಿನೀರಿನ ಹರವಿಗೆ ಲಗೂನ್ ಎನ್ನುತ್ತಾರೆ. ದ್ವೀಪಗಳ ಲಗೂನುಗಳಲ್ಲಿ ಕಡಲಹುಲ್ಲು ಸೊಂಪಾಗಿ ಬೆಳೆಯುತ್ತಿತ್ತು. ಹಸಿರು ಕಡಲಾಮೆಯನ್ನು ದ್ವೀಪವಾಸಿಗಳು ಹಿಂದೆ ಬೇಟೆಯಾಡುತ್ತಿದ್ದರು. ಅದರ ಕೊಬ್ಬು ಮರದ ದೋಣಿಗಳಿಗೆ ಬಳಿಯಲು ಬರುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದ ನಂತರ ಬೇಟೆ ಹಿಂದಾಯಿತು. ಈ ಶತಮಾನದ ಮೊದಲ ದಶಕದ ವೇಳೆಗೆ ಅಗತ್ತಿಯ ಲಗೂನಿನಲ್ಲಿ ಆಮೆಗಳು ಅಸಾಧಾರಣ ಸಂಖ್ಯೆಯಲ್ಲಿ ಮೇಯತೊಡಗಿದ್ದವು. ಕಾನೂನಿನ ರಕ್ಷಣೆಯ ಜೊತೆಗೆ, ಆಮೆಗಳನ್ನು ಬೇಟೆಯಾಡುವ ದೊಡ್ಡ ಶಾರ್ಕ್‌ಗಳು ವಿರಳವಾಗಿರುವುದೂ ಇಂಥ ಏರಿಕೆಗೆ ಕಾರಣವಾಗಬಲ್ಲದೆಂದು ವಿಜ್ಞಾನಿಗಳು ಹೇಳುತ್ತಾರೆ.

ಅಲ್ಲಿಂದ ಜಗಳ ಆರಂಭವಾಯಿತು. ಆಮೆಗಳು ಹುಲ್ಲನ್ನೆಲ್ಲ ಮೇಯ್ದು ಮುಗಿಸುತ್ತಿವೆ, ಬಲೆ ಹರಿಯುತ್ತಿವೆ, ಇದರಿಂದ ಲಗೂನಿನ ಮೀನೇ ಕಡಿಮೆಯಾಗಿದೆ ಎಂಬುದು ಮೀನುಗಾರರ ದೂರು. ಆಮೆಯಾದರೋ ಕಾಯ್ದೆಯ ಒಂದನೇ ಪರಿಚ್ಛೇದದಲ್ಲಿರುವ ಜೀವಿ. ಹುಲಿಗೆ ಸಮನಾದ ರಕ್ಷಣೆ ಅದಕ್ಕಿದೆ. ಮೀನುಗಾರರ ಮಾತನ್ನು ಹೊಟ್ಟೆಪಾಡಿನ ಗೊಣಗಾಟವೆಂದು ಬದಿಗೆ ಸರಿಸಿಬಿಡುವುದು ಸುಲಭವಿತ್ತು.

ಮೈಸೂರು ಮೂಲದ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು ಹಾಗೆ ಮಾಡಲಿಲ್ಲ. 1996ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ವಿಜ್ಞಾನಿಗಳು ಲಕ್ಷದ್ವೀಪದ ಹವಳದ ದಿಬ್ಬಗಳ ಅಧ್ಯಯನದಲ್ಲಿ ಮೊದಲಿನಿಂದ ತೊಡಗಿದ್ದವರು. ಅವರು ಲಗೂನುಗಳಲ್ಲಿ ಆಮೆಗಳನ್ನು ಎಣಿಸಿದರು. ಹುಲ್ಲಿನ ಚಿಗುರುಗಳನ್ನು, ಎಲೆಯ ಉದ್ದವನ್ನು ಅಳೆದರು. ಆಮೆ ಒಳಬರದಂತೆ ತಡೆಬೇಲಿ ಹಾಕಿದ ತಾಕುಗಳನ್ನು ಮುಕ್ತ ತಾಕುಗಳೊಂದಿಗೆ ಹೋಲಿಸಿದರು. ರೈತ ದನಕ್ಕೆ ಬೇಲಿ ಕಟ್ಟಿ ಹುಲ್ಲು ಎಷ್ಟು ಬೆಳೆಯುತ್ತದೆಂದು ನೋಡುವ ಕ್ರಮವೇ ಇದು, ನೀರಿನೊಳಗೆ.

2010 ಮತ್ತು 2013ರಲ್ಲಿ ಪ್ರಕಟವಾದ ಈ ಅಧ್ಯಯನಗಳು ಮೀನುಗಾರರ ಮಾತಿನಲ್ಲಿ ಹುರುಳಿದೆ ಎಂಬುದನ್ನು ತೋರಿಸಿದವು. ಆಮೆಗಳು ದಟ್ಟವಾಗಿದ್ದೆಡೆ ಹುಲ್ಲಿನ ಉತ್ಪಾದನೆಯ ಬಹುಪಾಲು ಅವುಗಳ ಹೊಟ್ಟೆಗೇ ಹೋಗುತ್ತಿತ್ತು. ಎಲೆಗಳು ಮೊಟಕಾಗಿದ್ದವು, ಚಿಗುರು ವಿರಳವಾಗಿತ್ತು. ಥಲಾಸಿಯಾದಂಥ ನಿಧಾನಗತಿಯ ಹುಲ್ಲಿನ ಜಾಗಕ್ಕೆ ಬೇಗ ಬೆಳೆಯುವ ಸೈಮೋಡೋಸಿಯಾ ಬರತೊಡಗಿತ್ತು. ಮರೆ ನೀಡುವ ಹುಲ್ಲು ಕುಗ್ಗಿದಂತೆ ಅದನ್ನು ಆಶ್ರಯಿಸಿದ ಮೀನುಗಳೂ ಕುಗ್ಗಿದ್ದವು. ರೋಹನ್ ಆರ್ಥರ್, ನಚಿಕೇತ್ ಕೇಳ್ಕರ್, ಟೆರೆಸಾ ಅಲ್ಕೊವೆರೊ ಮತ್ತು ಎಂ.ಡಿ. ಮಧುಸೂದನ್ 2013ರಲ್ಲಿ ಪ್ರಕಟಿಸಿದ ಪ್ರಬಂಧ ಈ ಸಂಘರ್ಷವನ್ನೇ ವಿಷಯವಾಗಿಸಿಕೊಂಡದ್ದು. ಆಮೆಯಿಂದ ಹುಲ್ಲಿಗೆ, ಹುಲ್ಲಿನಿಂದ ಮೀನಿಗೆ, ಮೀನಿನಿಂದ ಮನುಷ್ಯನಿಗೆ ಸಾಗುವ ಕೊಂಡಿಯನ್ನು ಅದು ಬಿಡಿಸಿಟ್ಟಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ, ಅಳತೆಯೂ ನಿಲ್ಲಲಿಲ್ಲ. ಅಗತ್ತಿಯಲ್ಲಿ ಮೇವು ತೀರಿದಂತೆ ಆಮೆಗಳು ಬೇರೆ ದ್ವೀಪಗಳ ಲಗೂನುಗಳತ್ತ ಹೊರಳಿದವು. ಅಲ್ಲಿಯೂ ಅದೇ ಪುನರಾವರ್ತನೆಯಾಯಿತು. ಒಂದಾದ ಮೇಲೊಂದರಂತೆ ಹುಲ್ಲುಗಾವಲುಗಳು ಹೆಸರಿಗೆ ಮಾತ್ರ ಉಳಿಯುವ ಸ್ಥಿತಿಗೆ ಬಂದದ್ದನ್ನು 2021ರಲ್ಲಿ ‘ಬಯಲಾಜಿಕಲ್ ಕನ್ಸರ್ವೇಶನ್’ ನಿಯತಕಾಲಿಕದಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿತು. ಒಂದೇ ವರ್ಷ, ಒಂದೇ ದ್ವೀಪದಲ್ಲಿ ಅಳೆದು ಕೈಬಿಟ್ಟಿದ್ದರೆ ಈ ಸರಪಣಿ ಕಾಣುತ್ತಲೇ ಇರಲಿಲ್ಲ.

ಹಾಗೆಂದು ಆಮೆಯನ್ನು ಕೊಲ್ಲಬೇಕೆಂಬುದು ಇದರ ಅರ್ಥವಲ್ಲ. ಸಂರಕ್ಷಣೆ ಒಂದು ಜೀವಿಯ ಲೆಕ್ಕಕ್ಕೆ ನಿಂತರೆ ಸಾಲದು, ಅದು ಬದುಕುವ ನೆಲೆಯ ಲೆಕ್ಕವನ್ನೂ ಇಡಬೇಕು ಎಂಬುದಷ್ಟೇ ಪಾಠ. ಆಮೆಗೂ ಕೊನೆಗೆ ಬೇಕಾಗಿರುವುದು ಹುಲ್ಲೇ ತಾನೇ? ಇನ್ನೊಂದು ಪಾಠ ಮೀನುಗಾರರ ಬಗ್ಗೆ. ನೀರನ್ನು ದಿನವೂ ನೋಡುವವರ ಮಾತು ವಿಜ್ಞಾನಕ್ಕೆ ಮೊದಲ ಸುಳಿವು. ಸುಳಿವನ್ನು ಸಾಕ್ಷ್ಯವಾಗಿಸುವುದು ಅಳತೆಯ ಕೆಲಸ.

ಕಳೆದದ್ದು ಮರಳುವುದೇ?

ಕೆಲವೊಮ್ಮೆ ಮರಳುತ್ತದೆ. ಅಮೆರಿಕದ ಫ್ಲಾರಿಡಾದ ಟ್ಯಾಂಪಾ ಕೊಲ್ಲಿಯಲ್ಲಿ ನಗರಗಳ ಕೊಳಚೆಯಿಂದಾಗಿ ಕಡಲಹುಲ್ಲು ಸುಮಾರು ಅರ್ಧದಷ್ಟು ನಾಶವಾಗಿತ್ತು. 1950ರ ದಶಕದಲ್ಲಿದ್ದಷ್ಟು ಹುಲ್ಲನ್ನು ಮರಳಿ ಪಡೆಯುವ ಗುರಿಯಿಟ್ಟುಕೊಂಡು, ಕೊಳಚೆ ಶುದ್ಧೀಕರಣ ಬಿಗಿಗೊಳಿಸಿ, ಸರಿಸುಮಾರು ಎರಡು ವರ್ಷಕ್ಕೊಮ್ಮೆ ವೈಮಾನಿಕ ಸಮೀಕ್ಷೆ ನಡೆಸಲಾಯಿತು. 2014ರ ಸಮೀಕ್ಷೆಯಲ್ಲಿ ವಿಸ್ತೀರ್ಣ 40 ಸಾವಿರ ಎಕರೆ ದಾಟಿ ಗುರಿ ಮುಟ್ಟಿತು. ಅಷ್ಟಕ್ಕೇ ಸಂತೃಪ್ತರಾಗಿ ಅಳತೆ ನಿಲ್ಲಿಸಿದ್ದರೆ ಮುಂದಿನದು ಗೊತ್ತಾಗುತ್ತಿರಲಿಲ್ಲ. 2022ರ ಸಮೀಕ್ಷೆಯಲ್ಲಿ ಅದು ಮತ್ತೆ ಸುಮಾರು 30 ಸಾವಿರ ಎಕರೆಗೆ ಕುಸಿದಿತ್ತು.

ಅಮೆರಿಕದ್ದೇ ವರ್ಜೀನಿಯಾದ ಕರಾವಳಿಯಲ್ಲಿ 1930ರ ದಶಕದಲ್ಲಿ ರೋಗಕ್ಕೂ ಚಂಡಮಾರುತಕ್ಕೂ ಸಿಕ್ಕಿ ಹುಲ್ಲು ನಿರ್ನಾಮವಾಗಿ, ಅದನ್ನು ಆಶ್ರಯಿಸಿದ್ದ ಚಿಪ್ಪುಮೀನಿನ ಉದ್ಯಮವೂ ನೆಲಕಚ್ಚಿತ್ತು. ಸುಮಾರು ಎರಡು ದಶಕಗಳ ಅವಧಿಯಲ್ಲಿ 7 ಕೋಟಿಗೂ ಹೆಚ್ಚು ಬೀಜ ಬಿತ್ತಿದ ಫಲವಾಗಿ ಅಲ್ಲಿ ಸುಮಾರು 3,600 ಹೆಕ್ಟೇರ್ ಹುಲ್ಲುಗಾವಲು ಪುನಃ ಹಬ್ಬಿದೆ ಎಂದು 2020ರ ವರದಿ ತಿಳಿಸಿತು. ನಮ್ಮಲ್ಲಿಯೂ ತಮಿಳುನಾಡಿನ ತೀರದಲ್ಲಿ ಚಿಗುರುಗಳನ್ನು ಚೌಕಟ್ಟಿಗೆ ಕಟ್ಟಿ ಕಡಲತಳದಲ್ಲಿ ನೆಡುವ ಪ್ರಯತ್ನಗಳು ನಡೆದಿವೆ. ಪಾಕ್ ಕೊಲ್ಲಿಯ 448 ಚದರ ಕಿ.ಮೀ. ಪ್ರದೇಶವನ್ನು ಆ ರಾಜ್ಯ ಸರಕಾರ 2022ರಲ್ಲಿ ದೇಶದ ಮೊದಲ ಡುಗಾಂಗ್ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಡುಗಾಂಗ್ ಉಳಿಸುವುದೆಂದರೆ ಮೊದಲು ಅದರ ಹುಲ್ಲನ್ನು ಉಳಿಸುವುದೇ.

ಕಾಗದದ ಮೇಲೆ ರಕ್ಷಣೆಗೆ ಕೊರತೆಯಿಲ್ಲ. ಕರಾವಳಿ ನಿಯಂತ್ರಣ ವಲಯ (ಸಿಆರ್‌ಝಡ್) ಕುರಿತ 2011 ಮತ್ತು 2019ರ ಅಧಿಸೂಚನೆಗಳೆರಡೂ ಕಡಲಹುಲ್ಲಿನ ಪ್ರದೇಶವನ್ನು ಕಾಂಡ್ಲಾ, ಹವಳದ ದಿಬ್ಬಗಳ ಸಾಲಿನಲ್ಲಿ ಅತಿ ಸೂಕ್ಷ್ಮ ವರ್ಗಕ್ಕೆ ಸೇರಿಸಿವೆ. ಮಾರ್ಚ್ 1ನ್ನು ವಿಶ್ವ ಕಡಲಹುಲ್ಲು ದಿನವೆಂದು ವಿಶ್ವಸಂಸ್ಥೆಯ ಮಹಾಸಭೆ 2022ರಲ್ಲಿ ಘೋಷಿಸಿದೆ. ಆದರೆ ನಕ್ಷೆಯಲ್ಲಿ ಗುರುತಾಗದ ಹುಲ್ಲಿಗೆ ಅಧಿಸೂಚನೆಯ ರಕ್ಷಣೆ ತಲುಪುವುದಾದರೂ ಹೇಗೆ? ಅಳಿವೆಯ ಕೆಸರಿನಲ್ಲಿ ಬೆರಳುದ್ದ ಬೆಳೆಯುವ ಹುಲ್ಲು ಉಪಗ್ರಹಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಇಳಿತದ ವೇಳೆ ಕಾಲಿಗೆ ಕೆಸರು ಮೆತ್ತಿಕೊಂಡು ಹೋಗಿ ನೋಡಿದವರಿಗಷ್ಟೇ ಅದು ಕಾಣುತ್ತದೆ.

ಮತ್ತೆ ಕೆರೆಯ ಏರಿಗೆ

ಸಮುದ್ರದ ಈ ಪಾಠ ಹಾಗಲವಾಡಿಯಂಥ ಊರಿಗೂ, ಬೆಂಗಳೂರಿನಂಥ ನಗರಕ್ಕೂ ಅನ್ವಯಿಸುತ್ತದೆ. ಕೆರೆಯ ತಳದಲ್ಲಿ ಬೇರೂರಿದ ಸಸ್ಯಗಳು ನೀರು ತಿಳಿಯಾಗಿರುವುದಕ್ಕೆ ಸಾಕ್ಷಿ. ಆ ತಿಳಿತನಕ್ಕೆ ಕಾರಣವೂ ಹೌದು. ಕೊಳಚೆ ಸೇರಿ ಪೋಷಕಾಂಶ ಹೆಚ್ಚಿದಾಗ ನೀರು ಹಸಿರುಗಟ್ಟಿ ತಳದ ಗಿಡಗಳು ಬೆಳಕಿಲ್ಲದೆ ಸಾಯುತ್ತವೆ. ಆಮೇಲೆ ಕೆಸರನ್ನು ಹಿಡಿದಿಡುವವರಿಲ್ಲ. ನೀರು ಇನ್ನಷ್ಟು ರಾಡಿಯಾಗುತ್ತದೆ. ಒಮ್ಮೆ ಈ ಸ್ಥಿತಿಗೆ ಹೊರಳಿದ ಕೆರೆಯನ್ನು ಹಿಂದಕ್ಕೆ ತರಲು, ಕೆಡಿಸಲು ಬೇಕಾದುದಕ್ಕಿಂತ ಹೆಚ್ಚು ಶ್ರಮ ಬೇಕು. 2017ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದು ದೇಶಕ್ಕೇ ಸುದ್ದಿಯಾಯಿತು. ಅದಕ್ಕೂ ಎಷ್ಟೋ ವರ್ಷ ಮೊದಲು ಅದರ ತಳದ ಹಸಿರು ಅಳಿದಾಗ ಯಾವ ಸುದ್ದಿಯೂ ಆಗಲಿಲ್ಲ.

ಮಳೆಯನ್ನು ನಾವು ಅಳೆಯುತ್ತೇವೆ. ರಾಜ್ಯದ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲೂ ಮಳೆಮಾಪಕಗಳಿವೆ. ಜಲಾಶಯದ ಮಟ್ಟ ಪ್ರತಿದಿನ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಈ ಬಾರಿ ವಾಡಿಕೆಗಿಂತ ಕಡಿಮೆ ಮಳೆ ಎಂದು ಹೇಳಲು ಸಾಧ್ಯವಾಗುವುದು, ವಾಡಿಕೆ ಎಷ್ಟೆಂದು ಹಿಂದಿನವರು ಬೇಸರಿಸದೆ ಬರೆದಿಟ್ಟಿರುವುದರಿಂದ. ನೀರಿನ ಪ್ರಮಾಣಕ್ಕೆ ತೋರಿದ ಈ ನಿಷ್ಠೆಯನ್ನು ನೀರಿನೊಳಗಿನ ಜೀವಕ್ಕೂ ತೋರಬೇಕಾಗಿದೆ. ಅದಕ್ಕೆ ಬೇಕಾಗಿರುವುದು ಹಗ್ಗಕ್ಕೆ ಕಟ್ಟಿದ ಒಂದು ಬಿಲ್ಲೆ, ಒಂದು ಚೌಕಟ್ಟು, ಒಂದು ನೋಟ್ ಪುಸ್ತಕ. ಪ್ರೌಢಶಾಲೆಯ ಮಕ್ಕಳೂ ವಿಜ್ಞಾನ ಶಿಕ್ಷಕರ ನೆರವಿನಿಂದ ವರ್ಷಕ್ಕೆರಡು ಬಾರಿ ಮಾಡಬಹುದಾದ ಕೆಲಸವಿದು.

ಹಾಗಲವಾಡಿಯ ಜನ ಕೆರೆಗೆ ನೀರು ಯಾವಾಗ ಬರುತ್ತದೆಂದು ಕೇಳುತ್ತ ಬಂದಿದ್ದಾರೆ. ಅದು ನ್ಯಾಯವಾದ ಪ್ರಶ್ನೆ. ಬಂದ ನೀರು ಹೇಗಿದೆ, ಅದರೊಳಗೆ ಏನು ಬೆಳೆದಿದೆ, ಕಳೆದ ವರ್ಷ ಎಷ್ಟಿತ್ತು ಎಂಬ ಪ್ರಶ್ನೆಗಳನ್ನೂ ಅದರೊಂದಿಗೆ ಸೇರಿಸಿಕೊಳ್ಳಬೇಕು. ಅಗತ್ತಿಯ ಮೀನುಗಾರರ ಮಾತಿಗೆ ಬೆಲೆ ಬಂದದ್ದು ಅವರ ಪರವಾಗಿ ಯಾರೋ ನೀರಿಗಿಳಿದು ಹುಲ್ಲನ್ನು ಎಣಿಸಿದ್ದರಿಂದ. ನಮ್ಮ ಕೆರೆಗಳಲ್ಲಿ ಆ ಎಣಿಕೆ ಇನ್ನೂ ಆರಂಭವಾಗಬೇಕಿದೆ.